ಕೊನೆಯ ಇಪ್ಪತ್ತು ನಿಮಿಷಗಳ ಆಚೆ

‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂತು. ಅಂದಿನಿಂದ ಕನ್ನಡ ಸಿನಿಮಾ ಅಭಿಮಾನಿಗಳು ನಾಯಕನಟನ ಅಭಿನಯವನ್ನು ಅಳೆಯುವ ಬಗೆಯೇ ಬದಲಾಗಿದೆ. ಯಾವ ಹೊಸ ಚಿತ್ರ ಬಂದರೂ ಮೊದಲು ಕೇಳುವುದು ‘ಕ್ಲೈಮ್ಯಾಕ್ಸ್ ಹೇಗಿದೆ’ ಎಂದು. ಆ ಚಿತ್ರದ ನಾಯಕ ರಿಷಬ್ ಶೆಟ್ಟಿಯವರ ಹೆಸರು ಬಂದ ಕೂಡಲೇ ‘ಲಾಸ್ಟ್ ಟ್ವೆಂಟಿ ಮಿನಿಟ್ಸ್’ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಒಪ್ಪದವರೂ ಅದೇ ಇಪ್ಪತ್ತು ನಿಮಿಷವನ್ನು ಹಿಡಿದು, ‘ಅದೊಂದು ಬಿಟ್ಟರೆ ಉಳಿದದ್ದು ಸಾಧಾರಣ’ ಎನ್ನುತ್ತಾರೆ. ಎರಡೂ ಕಡೆಯವರು ಒಂದು ಪಾತ್ರದ ಎರಡು ಗಂಟೆಯ ಬದುಕನ್ನು ಬದಿಗಿಟ್ಟು ತುದಿಯನ್ನಷ್ಟೇ ತೂಗುತ್ತಿದ್ದಾರೆ. ಈ ತೂಕದಲ್ಲಿ ನಮ್ಮ ಒಳ್ಳೆಯ ನಟರಿಗೂ ನಟಿಯರಿಗೂ ಅನ್ಯಾಯವಾಗುತ್ತಿದೆ ಎಂಬುದು ನನ್ನ ತಕರಾರು.

‘ಕಾಂತಾರ’ದ ಶಿವನನ್ನೇ ನೋಡಿ. ಕಂಬಳದ ಓಟಗಾರ, ಬೇಟೆಗಾರ, ಕುಡುಕ, ಹೊಣೆಯಿಲ್ಲದ ಹುಡುಗ. ರಾತ್ರಿ ಕನಸಿನಲ್ಲಿ ದೈವದ ಕೂಗು ಕೇಳಿ ಬೆಚ್ಚಿ ಏಳುತ್ತಾನೆ. ಊರಿಗೆಲ್ಲ ಸೊಕ್ಕು ತೋರಿಸುವ ಈ ಮೈಗೆ ಒಂದು ಹಳೆಯ ಭಯ ಅಂಟಿಕೊಂಡಿದೆ. ದೈವಾರಾಧನೆಯ ಕೋಲದ ನಡುವೆಯೇ ಕಾಡಿಗೆ ಓಡಿ ಮಾಯವಾದ ತಂದೆಯ ಭಯ ಅದು. ಮಾನಸಿ ಸುಧೀರ್ ನಟಿಸಿದ ತಾಯಿ ಬೈಯುತ್ತಾ ಬಡಿಯುತ್ತಾ ಮಗನನ್ನು ಆ ಭಯದಿಂದ ದೂರ ಇಡಲು ನೋಡುತ್ತಾಳೆ. ತಾಯಿ ಎದುರಿಗಿದ್ದಾಗ ರಿಷಬ್ ಅವರ ಭುಜ ಇಳಿಯುತ್ತದೆ, ದನಿ ಸಣ್ಣದಾಗುತ್ತದೆ. ಇಷ್ಟು ದೊಡ್ಡ ಆಳು ಐದು ವರ್ಷದ ಮಗುವಿನಂತೆ ಕಾಣುತ್ತಾನೆ. ಆ ದೃಶ್ಯಗಳನ್ನು ತೆಗೆದುಹಾಕಿದರೆ ಕೊನೆಯಲ್ಲಿ ಗುಳಿಗ ದೈವ ಮೈಮೇಲೆ ಬರುವಾಗಿನ ಕೂಗು ಬರಿಯ ಸದ್ದಾಗಿ ಉಳಿಯುತ್ತಿತ್ತು. ಓಡಿಹೋಗುತ್ತಿದ್ದವನು ಕೊನೆಗೂ ಸಿಕ್ಕಿಬಿದ್ದ ಎಂದು ನೋಡುವವನಿಗೆ ಒಳಗೊಳಗೇ ಗೊತ್ತಿರುವುದರಿಂದಲೇ ಮೈ ಜುಮ್ಮೆನ್ನುತ್ತದೆ.

ಅದಾದ ಮೇಲೆ ಬರುವ ಕೋಲದ ದೃಶ್ಯವನ್ನು ಅಭಿಮಾನಿಗಳು ಅಷ್ಟಾಗಿ ಎತ್ತುವುದಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಚಿತ್ರದ ಶ್ರೇಷ್ಠ ಅಭಿನಯ ಅದು. ಅಲ್ಲಿ ಮಾತಿಲ್ಲ. ಕಿಶೋರ್ ಅವರ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ದೈವ ಹತ್ತಿರಕ್ಕೆ ಎಳೆದು ಎದೆಗೆ ಒತ್ತಿಕೊಳ್ಳುತ್ತದೆ. ಬಣ್ಣ ಬಳಿದ ಮುಖದಲ್ಲಿ ಕಣ್ಣಷ್ಟೇ ಕೆಲಸ ಮಾಡಬೇಕು. ಆ ಕಣ್ಣಲ್ಲಿ ಅಪ್ಪಣೆಯೂ ಇದೆ, ಬೇಡಿಕೆಯೂ ಇದೆ. ಅಬ್ಬರದಿಂದ ಇಷ್ಟು ಬೇಗ ಕರುಣೆಗೆ ಇಳಿಯುವುದು ಸುಲಭವಲ್ಲ.

ಹಾಗೆಂದು ಆ ಪಾತ್ರದ ಎಲ್ಲವನ್ನೂ ಮೆಚ್ಚಲಾರೆ. ಸಪ್ತಮಿ ಗೌಡ ಅವರ ಲೀಲಾಳ ಸೊಂಟ ಚಿವುಟುವ ಶಿವನನ್ನು ಚಿತ್ರ ತುಂಟತನವೆಂದು ದಾಟಿಸುತ್ತದೆ. ಅಲ್ಲಿ ನಟನ ಕಣ್ಣಿಗೂ ಅದು ತಪ್ಪೆಂದು ಕಂಡಂತಿಲ್ಲ. ಅರಣ್ಯ ಇಲಾಖೆಯ ಕೆಲಸ ಸಿಕ್ಕ ಮೇಲೆ ತನ್ನ ಊರವರಿಗೂ ಇಲಾಖೆಗೂ ನಡುವೆ ಸಿಲುಕಿದ ಲೀಲಾಳ ಸಂಕಟವನ್ನು ಸಪ್ತಮಿ ಚೆನ್ನಾಗಿ ಹಿಡಿದಿದ್ದರು. ಚರ್ಚೆಯಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ.

ಇನ್ನೊಂದು ಮಾತು ಭಾಷೆಯದು. ರಿಷಬ್ ಕುಂದಾಪುರ ಸೀಮೆಯ ಕೆರಾಡಿಯವರು, ಚಿತ್ರೀಕರಣ ನಡೆದದ್ದೂ ಆ ಊರಿನಲ್ಲೇ. ಅಲ್ಲಿನ ಕನ್ನಡದ ವೇಗ, ಮಾತಿನ ಕೊನೆಯನ್ನು ನುಂಗುವ ರೀತಿ, ಸಿಟ್ಟಿನಲ್ಲೂ ಇರುವ ಒಂದು ಲಯ ಶಿವನ ಪಾತ್ರದ ಅರ್ಧ ಜೀವ. ಹಿಂದಿ, ತೆಲುಗು, ತಮಿಳು ಅವತರಣಿಕೆ ನೋಡಿದವರು ಮೈಯನ್ನು ಕಂಡರು, ನಾಲಗೆಯನ್ನು ಕೇಳಲಿಲ್ಲ. ಅವರ ಮೆಚ್ಚುಗೆ ಕ್ಲೈಮ್ಯಾಕ್ಸಿಗೆ ಅಂಟಿಕೊಂಡದ್ದು ಸಹಜ. ಕನ್ನಡದಲ್ಲೇ ಕೇಳಿಸಿಕೊಂಡ ನಾವೂ ಅಷ್ಟಕ್ಕೇ ನಿಲ್ಲುವುದು ಬೇಸರದ ಸಂಗತಿ.

2024ರ ಆಗಸ್ಟ್‌ನಲ್ಲಿ ಈ ಪಾತ್ರಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಘೋಷಣೆಯಾದಾಗ ವಾದ ಮತ್ತೆ ಹೊತ್ತಿಕೊಂಡಿತು. ಕನ್ನಡ ಚಿತ್ರಗಳಿಗೆ ಈ ಗೌರವ ಹಿಂದೆ ಬಂದದ್ದು ‘ಚೋಮನ ದುಡಿ’ಯ ಎಂ.ವಿ. ವಾಸುದೇವ ರಾವ್, ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ ಅವಳು’ ಚಿತ್ರದ ಸಂಚಾರಿ ವಿಜಯ್ ಅವರಿಗೆ. ಮೂವರಿಗೂ ಕಟೌಟ್ ಎತ್ತುವ ಅಭಿಮಾನಿ ಸಂಘಗಳ ಬಲ ಇರಲಿಲ್ಲ. ಮೂರೂ ಪಾತ್ರಗಳು ವ್ಯವಸ್ಥೆಯ ಬಾಗಿಲಲ್ಲಿ ಕಾದು ಸವೆದವು. ಆ ಸಾಲಿನಲ್ಲಿ ಶಿವ ಹೊಂದುವುದಿಲ್ಲ ಎಂದವರಿದ್ದರು. ಚೋಮನನ್ನು ನೆನೆದರೆ ನನಗೆ ಹೊಂದುತ್ತಾನೆ ಎನ್ನಿಸುತ್ತದೆ. ಚೋಮ ಕೊನೆಗೆ ದುಡಿ ಬಡಿಯುವುದೂ ಒಂದು ಸ್ಫೋಟವೇ. ಭೂಮಿಯ ಆಸೆ, ಸಾಲ, ಕಳೆದುಕೊಂಡ ಮಕ್ಕಳು, ಬಾಯಿಬಿಟ್ಟು ಹೇಳಲಾಗದ್ದೆಲ್ಲ ಆ ಬಡಿತದಲ್ಲಿ ಹೊರಬರುತ್ತದೆ. ವಾಸುದೇವ ರಾವ್ ಅಲ್ಲಿಗೆ ತಲುಪುವ ಮೊದಲು ಇಡೀ ಚಿತ್ರದಲ್ಲಿ ಬಾಗಿ ನಡೆದಿದ್ದರು. ಸ್ಫೋಟಕ್ಕೆ ಬೆಲೆ ಕೊಡುವುದು ಅದರ ಹಿಂದಿನ ಆ ಬಾಗುವಿಕೆ.

ಈ ದೃಷ್ಟಿಯಿಂದ ನೋಡಿದರೆ ‘ಗರುಡ ಗಮನ ವೃಷಭ ವಾಹನ’ದ ರಾಜ್ ಬಿ. ಶೆಟ್ಟಿ ಇನ್ನೂ ಎತ್ತರದಲ್ಲಿ ನಿಲ್ಲುತ್ತಾರೆ. 2021ರ ನವೆಂಬರ್‌ನಲ್ಲಿ ಬಂದ ಆ ಚಿತ್ರದ ನಾಯಕನ ಹೆಸರೂ ಶಿವ. ಮಾತು ಕಡಿಮೆ, ಕಣ್ಣು ನೆಲದ ಮೇಲೆ, ಪಂಚೆ, ಹವಾಯಿ ಚಪ್ಪಲಿ. ಓಣಿಯ ಹುಡುಗರ ಜೊತೆ ಕ್ರಿಕೆಟ್ ಆಡುವವನೇ ಕೊಲ್ಲುವವನೂ ಹೌದು. ಕೊಲೆ ಮುಗಿಸಿದ ಮೇಲೆ ಮಳೆಯಲ್ಲಿ ಅವನು ಹುಲಿವೇಷದ ಹೆಜ್ಜೆ ಹಾಕುವ ದೃಶ್ಯಕ್ಕೆ ಚಿತ್ರಮಂದಿರಗಳಲ್ಲಿ ಶಿಳ್ಳೆ ಬಿತ್ತು. ಅದನ್ನು ‘ಮಾಸ್’ ಎಂದು ಕರೆದವರು ಅವನ ಮುಖ ನೋಡಿದರೇ ಎಂಬ ಅನುಮಾನ ನನಗೆ. ಗೆಲುವು ಅಲ್ಲಿ ಕಾಣಿಸುವುದಿಲ್ಲ, ಸಂತೋಷವೂ ಇಲ್ಲ. ಮಂಗಳೂರಿನ ಓಣಿಗಳಲ್ಲಿ ಬೆಳೆದ ಅನಾಥ ಹುಡುಗನಿಗೆ ಮೈಯ ಉರಿ ಕಳೆದುಕೊಳ್ಳಲು ಗೊತ್ತಿರುವುದು ಆ ಹೆಜ್ಜೆಯೊಂದೇ. ಎದುರಿಗೆ ಗೆಳೆಯ ಹರಿಯಾಗಿ ರಿಷಬ್ ಇದ್ದರು. ಹರಿಗೆ ಮರ್ಯಾದೆಯ ಬದುಕು ಬೇಕು, ಶಿವನಿಗೆ ಹರಿ ಮಾತ್ರ ಬೇಕು. ರಿಷಬ್ ತಮ್ಮನ್ನು ಮುಂದೆ ತಳ್ಳಿಕೊಳ್ಳದೆ ಹಿಂದೆ ನಿಂತದ್ದರಿಂದಲೇ ರಾಜ್ ಅವರ ಮೌನಕ್ಕೆ ಜಾಗ ಸಿಕ್ಕಿತು. ‘ರಾಜ್ ಮುಂದೆ ರಿಷಬ್ ಮಂಕಾದರು’ ಎಂದು ಆಗ ತೀರ್ಪು ಕೊಟ್ಟವರಿಗೆ ಜೊತೆನಟನ ಸಂಯಮವೂ ಅಭಿನಯವೆಂದು ಹೊಳೆಯಲಿಲ್ಲ.

ಜೊತೆನಟನೆಯ ವಿಷಯಕ್ಕೆ ಬಂದರೆ ‘ಸಪ್ತ ಸಾಗರದಾಚೆ ಎಲ್ಲೋ’ ಬಗ್ಗೆ ನಿಂತು ಮಾತಾಡಬೇಕು. ಹೇಮಂತ್ ಎಂ. ರಾವ್ ನಿರ್ದೇಶಿಸಿದ ಈ ಕಥೆ 2023ರ ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ಎರಡು ಭಾಗವಾಗಿ ಬಂತು. ‘ಸೈಡ್ ಎ ಮೇಲೋ, ಸೈಡ್ ಬಿ ಮೇಲೋ’ ಎಂದು ತಿಂಗಳುಗಟ್ಟಲೆ ವಾದ ನಡೆಯಿತು. ಎರಡೂ ಪಕ್ಷದವರು ರಕ್ಷಿತ್ ಶೆಟ್ಟಿಯವರ ಮನುವನ್ನೇ ಮುಂದಿಟ್ಟುಕೊಂಡು ಮಾತಾಡಿದರು. ಗಡ್ಡ, ಗಾಯ, ಜೈಲಿನಲ್ಲಿ ಕಳೆದ ವರ್ಷಗಳು ಮೈಮೇಲೆ ಬಿಟ್ಟ ಗುರುತು ಇವೆಲ್ಲ ಮಾತಿಗೆ ಬಂದವು. ರಕ್ಷಿತ್ ನಿಜಕ್ಕೂ ಚೆನ್ನಾಗಿ ಮಾಡಿದ್ದಾರೆ, ಅದರಲ್ಲೂ ಮೊದಲ ಭಾಗದಲ್ಲಿ. ಮಾಲೀಕನ ಮಗನ ಅಪರಾಧವನ್ನು ತಲೆಯ ಮೇಲೆ ಹೊತ್ತುಕೊಳ್ಳುವಾಗ ಮನುವಿನ ಮುಖದಲ್ಲಿ ಕಾಣುವುದು ತ್ಯಾಗಿಯ ಗಂಭೀರತೆಯಲ್ಲ, ಬೇಗ ಒಂದು ಮನೆ ಮಾಡಿಬಿಡಬೇಕೆಂಬ ಡ್ರೈವರ್ ಹುಡುಗನ ಅವಸರ. ಆ ಅವಸರವೇ ಎದೆ ಹಿಂಡುತ್ತದೆ.

ಆದರೆ ಆ ಮೊದಲ ಭಾಗವನ್ನು ಹೊತ್ತು ನಿಂತವರು ರುಕ್ಮಿಣಿ ವಸಂತ್. ಮನು ಜೈಲಿನೊಳಗೆ ಸಿಕ್ಕಿಬಿದ್ದ ಮೇಲೆ ಹೊರಗಿನ ಓಡಾಟವೆಲ್ಲ ರುಕ್ಮಿಣಿ ನಟಿಸಿದ ಅವನ ಪ್ರೇಯಸಿ ಪ್ರಿಯಾಳದು. ವಕೀಲರ ಬಾಗಿಲು, ಮನೆಯವರ ಮಾತು, ಭೇಟಿಗೆ ಸಿಗುವ ಚೂರು ಸಮಯ, ಎಲ್ಲವನ್ನೂ ಅವಳೇ ನಿಭಾಯಿಸಬೇಕು. ಭೇಟಿಯ ದೃಶ್ಯಗಳಲ್ಲಿ ಅವಳು ನಗುತ್ತಾ ಬರುತ್ತಾಳೆ. ಪ್ರತಿ ಸಲವೂ ಆ ನಗು ಸ್ವಲ್ಪ ತಡವಾಗಿ ಹುಟ್ಟುತ್ತದೆ, ಸ್ವಲ್ಪ ಬೇಗ ಆರುತ್ತದೆ. ಇಷ್ಟು ಸೂಕ್ಷ್ಮವಾಗಿ ಸೋಲನ್ನು ತೋರಿಸಿದ ನಾಯಕಿ ಈಚಿನ ಕನ್ನಡ ಚಿತ್ರಗಳಲ್ಲಿ ನನಗೆ ಕಂಡಿಲ್ಲ. ಎರಡನೇ ಭಾಗದಲ್ಲಿ ಪ್ರಿಯಾ ಹಿನ್ನೆಲೆಗೆ ಸರಿಯುತ್ತಾಳೆ. ಚೈತ್ರಾ ಆಚಾರ್ ಅವರ ಸುರಭಿ ಬಂದು ಜೀವ ತುಂಬಿದರೂ, ಮನುವಿನ ಮೌನ ಒಂದೇ ಸ್ವರದಲ್ಲಿ ನಿಂತುಬಿಡುತ್ತದೆ. ಸೈಡ್ ಎ ಮೇಲೆಂಬುದರಲ್ಲಿ ನನಗೆ ಸಂಶಯವಿಲ್ಲ, ಮುಖ್ಯ ಕಾರಣ ಪ್ರಿಯಾ.

ಇದೇ ರುಕ್ಮಿಣಿ 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ರಲ್ಲಿ ಕನಕವತಿಯಾಗಿ ಬಂದರು. ಪ್ರಿಯಾಳನ್ನು ಪ್ರೀತಿಸಿದ ಅಭಿಮಾನಿಗಳಲ್ಲಿ ಕೆಲವರಿಗೆ ಕನಕವತಿಯ ಕ್ರೌರ್ಯ ಒಪ್ಪಿಗೆಯಾಗಲಿಲ್ಲ. ಮೃದು ಮುಖ ಹೊಂದುವುದಿಲ್ಲ ಎಂದರು. ಆ ಮೃದುತ್ವವೇ ಪಾತ್ರದ ಉಪಾಯ ಎಂಬುದು ನನ್ನ ಓದು. ಮೊದಲರ್ಧದಲ್ಲಿ ನಂಬಿಸಿದ್ದರಿಂದಲೇ ಎರಡನೆಯ ಅರ್ಧದ ತಿರುವು ಕೆಲಸ ಮಾಡುತ್ತದೆ. ನಾಯಕ ಬೆರ್ಮೆಯಾಗಿ ರಿಷಬ್ ಇಲ್ಲಿ ಮೈಯನ್ನು ಪಣಕ್ಕಿಟ್ಟಿದ್ದಾರೆ, ಆ ಶ್ರಮಕ್ಕೆ ತಲೆಬಾಗುತ್ತೇನೆ. ಆದರೆ ಆವೇಶದ ಘಟ್ಟಗಳು ಮತ್ತೆ ಮತ್ತೆ ಬರುವುದರಿಂದ ಬೆರ್ಮೆ ಎಂಬ ಮನುಷ್ಯನಿಗೆ ಉಸಿರಾಡಲು ಬಿಡುವಿಲ್ಲ. ಶಿವನಿಗಿದ್ದ ಭಯ ಅವನಿಗಿಲ್ಲ, ಬೈಯುವ ತಾಯಿಯ ಎದುರು ಕುಗ್ಗಿದ ಭುಜವೂ ಇಲ್ಲ. ಜನ ‘ಇಪ್ಪತ್ತು ನಿಮಿಷ’ವನ್ನಷ್ಟೇ ಕೇಳಿದರೆ ಚಿತ್ರ ಕಟ್ಟುವವರೂ ಅದನ್ನೇ ನಾಲ್ಕು ಪಟ್ಟು ಮಾಡಿ ಕೊಡುತ್ತಾರೆ.

ಅದರ ಇನ್ನೊಂದು ಫಲವನ್ನೂ ಕಂಡೆವು. ಈ ಚಿತ್ರ ಓಡುತ್ತಿದ್ದಾಗ ಕೆಲವರು ದೈವದ ವೇಷ ಹಾಕಿಕೊಂಡು ಚಿತ್ರಮಂದಿರಕ್ಕೆ ಬಂದು ಕೂಗಿ ಕುಣಿದರು. ಹಾಗೆ ಅನುಕರಿಸಬೇಡಿ ಎಂದು ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ಸಾರ್ವಜನಿಕವಾಗಿ ಮನವಿ ಮಾಡಬೇಕಾಯಿತು. ತುಳುನಾಡಿನಲ್ಲಿ ದೈವಾರಾಧನೆಗೆ ಅದರದ್ದೇ ನೇಮ, ವ್ರತ, ಪೀಳಿಗೆಯಿಂದ ಬಂದ ಹೊಣೆ ಇದೆ. ನಲಿಕೆ, ಪಂಬದ, ಪರವ ಸಮುದಾಯದವರು ಅದನ್ನು ಹೊತ್ತು ಬಂದಿದ್ದಾರೆ. ಕೂಗನ್ನೇ ಅಭಿನಯವೆಂದು ಹೊಗಳುತ್ತಾ ಹೋದರೆ, ಅಭಿನಯವೂ ಆರಾಧನೆಯೂ ಕೂಗಿಗೆ ಇಳಿಯುತ್ತವೆ.

ಗಳಿಕೆಯ ಮಾತು ಎತ್ತದೆ ಇಂದು ಯಾವ ವಾದವೂ ಮುಗಿಯುವುದಿಲ್ಲ. ‘ಕೆಜಿಎಫ್ 2’ ಸಾವಿರ ಕೋಟಿ ದಾಟಿದ ಮೇಲಂತೂ ಕೋಟಿಯೇ ಕೊನೆಯ ಉತ್ತರ. ಆ ಲೆಕ್ಕ ಬಹುಪಾಲು ನಿರ್ಮಾಪಕರ ಪೋಸ್ಟರಿನಿಂದ ಬರುತ್ತದೆ. ಅದು ನಿಜವೇ ಇರಲಿ, ನಟನ ಕಣ್ಣಲ್ಲಿ ಏನಿತ್ತು ಎಂದು ಅದು ಹೇಳಲಾರದು. ಇದೇ ನಾಡಿನ ಅಭಿಮಾನಿಗಳು 1971ರಲ್ಲಿ ‘ಕಸ್ತೂರಿ ನಿವಾಸ’ದ ರಾಜ್‌ಕುಮಾರ್ ಅವರನ್ನು ತಲೆಯ ಮೇಲೆ ಹೊತ್ತರು. ಅಲ್ಲಿ ನಾಯಕ ಯಾರನ್ನೂ ಹೊಡೆದು ಗೆಲ್ಲುವುದಿಲ್ಲ. ಜೀವನವಿಡೀ ಕೊಟ್ಟ ಕೈ ಕೊನೆಗೆ ಕೇಳಿದ್ದನ್ನು ಕೊಡಲಾಗದೆ ಕುಸಿಯುತ್ತದೆ. ಸೋತು ಕುಸಿದವನ ನೋವಿಗೂ ಚಪ್ಪಾಳೆ ತಟ್ಟುವ ಮನಸ್ಸು ನಮ್ಮ ಪ್ರೇಕ್ಷಕರಿಗೆ ಹೊಸದೇನಲ್ಲ.

ಆ ಮನಸ್ಸು ಪೂರ್ತಿ ಹೋಗಿಲ್ಲ ಎಂಬುದಕ್ಕೆ 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ ಸಾಕ್ಷಿ. ಎಂಟ್ರಿ ಹಾಡಿಲ್ಲ, ಬಿಲ್ಡಪ್ ಇಲ್ಲ, ಕೇಂದ್ರದಲ್ಲಿ ಒಬ್ಬನೇ ನಾಯಕನೂ ಇಲ್ಲ. ಇಡೀ ಊರೇ ನಟಿಸಿದೆ. ರವಿಯಣ್ಣನಾಗಿ ಶನೀಲ್ ಗೌತಮ್ ನಡೆಯುವ ರೀತಿಯೊಂದೇ ಸಾಕು, ಊರಿನ ಹಿರಿಯಣ್ಣನೆಂಬ ಅವನ ಭಾರವೂ ಒಂಟಿತನವೂ ತಿಳಿಯುತ್ತವೆ. ಜನ ಮನೆಮಂದಿಯೊಡನೆ ಹೋಗಿ ನೋಡಿದರು. ‘ಶಾಖಾಹಾರಿ’ಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. 2024ರ ಫೆಬ್ರುವರಿಯಲ್ಲಿ ಬಂದ ಈ ಚಿತ್ರದಲ್ಲಿ ರಂಗಾಯಣ ರಘು ಮಲೆನಾಡಿನ ಸಣ್ಣ ಹೋಟೆಲಿನ ಸುಬ್ಬಣ್ಣ. ತರಕಾರಿ ಹೆಚ್ಚುವ, ಗಿರಾಕಿಗೆ ಬಡಿಸುವ ಕೈಗಳ ಅಭ್ಯಾಸ ಕೆಡದಂತೆ, ಅದೇ ಕೈಗಳಲ್ಲಿ ಮೆಲ್ಲಗೆ ಭೀತಿಯನ್ನು ತುಂಬುತ್ತಾರೆ. ಚಿತ್ರಮಂದಿರದಲ್ಲಿ ಸಿಗದ ಮೆಚ್ಚುಗೆಯ ಮಾತು ಒಟಿಟಿಗೆ ಬಂದ ಮೇಲೆ ಸಿಕ್ಕಿತು. ‘ವರ್ಷದ ಅತ್ಯುತ್ತಮ ನಾಯಕನಟ’ ಎಂಬ ವಾದಗಳಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿ ಇರಬೇಕಿತ್ತು.

ನನ್ನ ತೀರ್ಪು ಇದು: ಈ ಕೆಲವು ವರ್ಷಗಳ ಮುಖ್ಯ ಪಾತ್ರಗಳಲ್ಲಿ ರಾಜ್ ಬಿ. ಶೆಟ್ಟಿಯವರ ಶಿವ ಮೊದಲು, ಅದರ ಪಕ್ಕದಲ್ಲೇ ರುಕ್ಮಿಣಿ ವಸಂತ್ ಅವರ ಪ್ರಿಯಾ, ಆಮೇಲೆ ರಿಷಬ್ ಅವರ ಮೊದಲ ‘ಕಾಂತಾರ’ ಮತ್ತು ರಂಗಾಯಣ ರಘು ಅವರ ಸುಬ್ಬಣ್ಣ. ಒಪ್ಪದವರು ದಯವಿಟ್ಟು ವಾದಕ್ಕೆ ಬನ್ನಿ. ಬರುವಾಗ ಗಳಿಕೆಯ ಪೋಸ್ಟರ್ ಬಿಟ್ಟು, ನಿಮ್ಮ ನೆಚ್ಚಿನ ನಟ ಇನ್ನೊಬ್ಬರ ಮಾತು ಕೇಳಿಸಿಕೊಳ್ಳುತ್ತಿರುವ ಒಂದು ದೃಶ್ಯವನ್ನು ಹೆಸರಿಸಿ.