ಶಿಲಾಶಾಸನವೂ ಮನೆಯ ಓಲೆಯೂ: ಹೊಯ್ಸಳರ ಕಾಲದ ಕಡಲಯಾನಕ್ಕೆ ಎರಡು ಸಾಕ್ಷ್ಯಗಳು

ಅರಸೀಕೆರೆಯ ಶಾಸನಗಳನ್ನು ವ್ಯಾಸಂಗಮಾಡಿದವರಿಗೆ ಕಮ್ಮಟದ ಚಟ್ಟಿಸೆಟ್ಟಿಯ ಹೆಸರು ಪರಿಚಿತವಾದುದು. ಇಮ್ಮಡಿ ವೀರಬಲ್ಲಾಳನ (1173–1220) ಆಳಿಕೆಯಲ್ಲಿ ಹುಟ್ಟಿದ, ರೈಸ್ ಸಾಹೇಬರು 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಸೇರಿರುವ ಶಾಸನವೊಂದು, ಈ ವರ್ತಕನು ಹಡಗುಗಳಲ್ಲಿ ಕಡಲಮಾರ್ಗವಾಗಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದನೆಂದು ಕೀರ್ತಿಸುತ್ತದೆ. ಕಡಲಿನಿಂದ ಬಹುದೂರವಾದ ಬಯಲುಸೀಮೆಯ ಊರೊಂದರಲ್ಲಿ ಹಡಗಿನ ಮಾತು ಬಂದಿರುವುದು ಗಮನಾರ್ಹವೆಂದು ಚರಿತ್ರಕಾರರು ಹಿಂದೆಯೇ ಹೇಳಿದ್ದಾರೆ. ಆದರೆ ಆ ಹಡಗನ್ನು ನಡೆಯಿಸಿದವರು ಯಾರು, ಹೋದವರು ಎಷ್ಟು ತಿಂಗಳಿಗೆ ಮರಳಿದರು, ಅದುವರೆಗೆ ಮನೆಯಲ್ಲಿ ಉಳಿದವರಿಗೆ ಅವರ ಸುದ್ದಿ ತಿಳಿಯಿತೆ ಇಲ್ಲವೆ ಎಂಬ ಪ್ರಶ್ನೆಗಳಿಗೆ ಶಿಲೆಯಲ್ಲಿ ಉತ್ತರವಿಲ್ಲ. ಅಲ್ಲಿ ಕಡಲೆಂಬುದು ಒಂದು ವಿಶೇಷಣದೊಳಗೆ ಅಡಗಿಹೋಗಿದೆ.

ಇದನ್ನು ಶಾಸನದ ದೋಷವೆಂದು ಎಣಿಸಲಾಗದು. ದಾನವನ್ನೂ ದಾನಿಯ ಯಶಸ್ಸನ್ನೂ ಆಚಂದ್ರಾರ್ಕವಾಗಿ ನಿಲ್ಲಿಸುವುದು ಶಾಸನದ ಧರ್ಮ. ಮುಗಿದ ಕಾರ್ಯವನ್ನಲ್ಲದೆ ಮುಗಿಯದ ಚಿಂತೆಯನ್ನು ಅದು ಹೇಳಬೇಕಾದುದಿಲ್ಲ. ಚಿಂತೆಗೆ ಉಚಿತವಾದ ಬರೆಹವು ಬೇರೆ. ಅದು ಮನೆಯ ಓಲೆ. ಹೊಯ್ಸಳರ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೋದ, ನಮ್ಮ ಕರಾವಳಿಗೆ ಬಂದ ಓಲೆಗಳು ಕೆಲವು ಉಳಿದಿರುವುವು. ಅವು ಉಳಿದುದು ಕನ್ನಡನಾಡಿನಲ್ಲಲ್ಲ, ಈಜಿಪ್ತಿನಲ್ಲಿ. ಈ ಓಲೆಗಳನ್ನು ಇದುವರೆಗೆ ವಾಣಿಜ್ಯದ ಚರಿತ್ರೆಗೆ ಸಾಮಗ್ರಿಯೆಂದು ಓದಿರುವುದೇ ಹೆಚ್ಚು. ಅವುಗಳನ್ನು ಬರೆಹದ ಒಂದು ಪ್ರಕಾರವಾಗಿ ಓದಿ, ಅರಸೀಕೆರೆಯ ಶಿಲೆಯ ಪಕ್ಕದಲ್ಲಿಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಓಲೆಗಳು ದೊರೆತ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ದೇವರ ನಾಮವಿರಬಹುದಾದ ಕಾಗದವನ್ನು ನಾಶಪಡಿಸಬಾರದೆಂಬ ಯೆಹೂದ್ಯರ ಆಚಾರದಿಂದ, ಹಳೆಯ ಕೈರೋವಿನ ಫುಸ್ತಾತ್ ನಗರದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಶತಮಾನಗಳ ಹಾಳೆಗಳು ರಾಶಿಬಿದ್ದಿದ್ದುವು. 1896–97ರಲ್ಲಿ ಸೊಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅವುಗಳಲ್ಲಿ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದರು. ಹಿಂದೂದೇಶದ ವ್ಯಾಪಾರಕ್ಕೆ ಸಂಬಂಧಿಸಿದ ಹಾಳೆಗಳನ್ನು ಬಿಡಿಬಿಡಿಯಾಗಿ ಹುಡುಕಿ ಜೋಡಿಸಿದ ಕೀರ್ತಿ ಎಸ್. ಡಿ. ಗೊಯ್ಟೈನ್ (1900–1985) ಅವರದು, ಎಂ. ಎ. ಫ್ರೀಡ್ಮನ್ ಅವರು ಆ ಕಾರ್ಯವನ್ನು ಮುಂದುವರಿಸಿ 2008ರಲ್ಲಿ ಇಂಗ್ಲಿಷ್ ಸಂಪುಟವನ್ನು ಹೊರತಂದರು. ಓಲೆಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ.

ಇವುಗಳಲ್ಲಿ ನಮಗೆ ಮುಖ್ಯನಾದವನು ಅಬ್ರಾಹಮ್ ಬೆನ್ ಯಿಜು. ಆಫ್ರಿಕದ ಉತ್ತರ ತೀರದ ಮಹ್ದಿಯಾ ಎಂಬ ರೇವುಪಟ್ಟಣ ಈತನ ಜನ್ಮಸ್ಥಳ. ಏಡನ್ನಿನ ಮಾರ್ಗವಾಗಿ ಮಂಗಳೂರಿಗೆ ಬಂದು, 1132ರಿಂದ 1149ರ ವರೆಗಿನ ಅವಧಿಯ ಬಹುಭಾಗವನ್ನು ಮಲೆಯಾಳ ಮತ್ತು ತುಳುನಾಡಿನ ಕರಾವಳಿಯಲ್ಲಿಯೇ ಕಳೆದನು. 1132ನೆಯ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಈತನು ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆಮಾಡಿದ ಪತ್ರವು ದೊರೆತಿದೆ. ಈಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ಭಾವಿಸುತ್ತಾರೆ. ಬೇಲೂರಿನ ವಿಜಯನಾರಾಯಣನ ಪ್ರತಿಷ್ಠೆಯಾದುದು 1117ರಲ್ಲಿ. ಹಳೆಯಬೀಡಿನ ಹೊಯ್ಸಳೇಶ್ವರದ ಕೆಲಸವು 1121ರ ಸುಮಾರಿಗೆ ಮೊದಲಾಯಿತು. ಎಂದರೆ ದೋರಸಮುದ್ರದಲ್ಲಿ ವಿಷ್ಣುವರ್ಧನನ ಶಿಲ್ಪಿಗಳು ಸಾಲುಸಾಲಾಗಿ ಕುದುರೆಗಳನ್ನು ಕೆತ್ತುತ್ತಿದ್ದ ಕಾಲದಲ್ಲಿಯೇ, ಘಟ್ಟದ ಕೆಳಗೆ ಆಳುಪರ ರೇವಿನಲ್ಲಿ ಈತನು ಮೆಣಸು, ಅಡಕೆ, ಕಬ್ಬಿಣಗಳನ್ನು ಹಡಗಿಗೆ ಹಾಕಿಸುತ್ತಿದ್ದನು. ಈತನು ಚುಕ್ಕಾಣಿ ಹಿಡಿದ ನಾವಿಕನಲ್ಲ, ಕಡಲನ್ನು ನಂಬಿ ಬಾಳಿದ ವರ್ತಕ. ಆದರೂ ಕಡಲಿನಾಚೆಯ ಬಂಧುಗಳೊಡನೆ ಮಾತನಾಡುವ ಕಷ್ಟದಲ್ಲಿ ಇಬ್ಬರಿಗೂ ಭೇದವಿಲ್ಲ.

ಶಾಸನಕ್ಕೂ ಈ ಓಲೆಗಳಿಗೂ ಒಂದು ಪದದ ಸಂಬಂಧವೂ ಇರುವುದನ್ನು ಇಲ್ಲಿಯೇ ಸೂಚಿಸಬೇಕು. ಏಡನ್ನಿಗೆ ಹೋಗಿಬರುತ್ತಿದ್ದ ಹಡಗುಗಳ ಒಡೆಯನೊಬ್ಬನ ಹೆಸರು ಓಲೆಗಳಲ್ಲಿ 'ಫತನ್ ಸ್ವಾಮಿ' ಎಂಬಂತೆ ಬರುತ್ತದೆ. ಇದು 'ಪಟ್ಟಣಸ್ವಾಮಿ' ಎಂಬ ಬಿರುದೆಂದು ಸಂಪಾದಕರು ಗುರುತಿಸಿದ್ದಾರೆ. ಹುಂಚದ ನೊಕ್ಕಯ್ಯಸೆಟ್ಟಿಯ ಕಾಲದಿಂದಲೂ ನಮ್ಮ ಶಾಸನಗಳಲ್ಲಿ ಈ ಪದವು ಪರಿಚಿತವಾದುದು. ಅರಬ್ಬಿಯ ಬಾಯಲ್ಲಿ ಪಕಾರವು ಫಕಾರವಾದುದು ಸಹಜವೇ ಸರಿ. ಹೀಗೆ ಎರಡು ಸಾಕ್ಷ್ಯಗಳೂ ಒಂದೇ ಲೋಕಕ್ಕೆ ಸೇರಿದುವು. ಭೇದವಿರುವುದು ಹೇಳುವ ರೀತಿಯಲ್ಲಿ.

ಆ ಭೇದವು ಸ್ಪಷ್ಟವಾಗುವುದು 1149ನೆಯ ಸೆಪ್ಟೆಂಬರ್ 11ರಂದು ಬೆನ್ ಯಿಜು ಏಡನ್ನಿನಿಂದ ತನ್ನ ಒಡಹುಟ್ಟಿದವರಿಗೆ ಬರೆದ ಓಲೆಯಲ್ಲಿ. ಹಿಂದೂದೇಶವನ್ನು ಬಿಟ್ಟು ಮಕ್ಕಳೊಡನೆಯೂ ಸೊತ್ತಿನೊಡನೆಯೂ ಸುಖವಾಗಿ ಬಂದು ಸೇರಿದೆನೆಂಬುದು ಮೊದಲ ಸುದ್ದಿ. ಎಲ್ಲರೂ ಬದುಕುವುದಕ್ಕೆ ಸಾಕಾಗುವಷ್ಟನ್ನು ಸಂಪಾದಿಸಿರುವೆನೆಂದೂ, ಮಗಳನ್ನು ಸೋದರನ ಇಲ್ಲವೆ ಸೋದರಿಯ ಮಗನಿಗೆ ಕೊಡಬೇಕೆಂದು ಮನಸ್ಸಿರುವುದೆಂದೂ ಮುಂದೆ ಹೇಳುತ್ತಾನೆ. ಇಷ್ಟರ ವರೆಗೆ ಇದು ಗೆದ್ದು ಬಂದವನ ಮಾತು. ಶಿಲೆಯಲ್ಲಿ ಕೆತ್ತಿಸಿದರೂ ಒಪ್ಪೀತು. ಆದರೆ ಹಿಂದಿನ ವರ್ಷ, 1148ರಲ್ಲಿ, ಸಿಸಿಲಿಯ ನಾರ್ಮನ್ ದೊರೆಯ ನೌಕಾಸೇನೆಯು ಮಹ್ದಿಯಾವನ್ನು ಹಿಡಿದಿತ್ತು. ಆ ತೀರದ ಪಟ್ಟಣಗಳಿಗೆ ಒದಗಿದ ಗತಿಯನ್ನು ಬೆನ್ ಯಿಜು ಕೇಳಿದ್ದನು. ಊರುಗಳ ಹೆಸರನ್ನು ಒಂದೊಂದಾಗಿ ಹೇಳಿ, ಯಾರು ಸತ್ತರು ಯಾರು ಉಳಿದರು ಎಂಬುದನ್ನು ತಿಳಿಸುವ ಒಂದು ಓಲೆಯೂ ಬರಲಿಲ್ಲವೆಂದು ಮರುಗುತ್ತಾನೆ. ನಂಬಿಕೆಯವರ ಕೈಯಲ್ಲಿ ವಿವರವಾಗಿ ಬರೆದು ಕಳುಹಿಸಬೇಕೆಂದು ದೇವರ ಆಣೆಯಿಟ್ಟು ಬೇಡುತ್ತಾನೆ. ಓಲೆಯನ್ನು ಬರೆದವನಿಗೆ ಅದನ್ನು ಓದತಕ್ಕವರು ಬದುಕಿರುವರೇ ಎಂಬುದು ತಿಳಿಯದು. ಕೇಳುವವನು ಇದ್ದೇ ಇರುವನೆಂಬ ನಿಶ್ಚಯದ ಮೇಲೆ ಶಾಸನವು ನಿಂತಿದೆ. ಈ ಓಲೆಗೆ ಆ ಆಧಾರವಿಲ್ಲ.

ಅನಂತರದ ಓಲೆಯು ಇನ್ನೂ ಕರುಣಾಜನಕವಾದುದು. ಫುಸ್ತಾತಿನಿಂದ, ಸಿಸಿಲಿಗೆ ವಲಸೆಹೋಗಿದ್ದ ಸೋದರ ಯೂಸುಫನಿಗೆ ಬರೆದುದು. ಮೊದಲ ಓಲೆಯು ಇನ್ನೊಬ್ಬ ಸೋದರನಾದ ಮುಬಶ್ಶಿರನ ಕೈಗೆ ಸಿಕ್ಕಿತಾದರೂ ಅವನು ಅದನ್ನು ಮುಂದಕ್ಕೆ ತಲುಪಿಸಲಿಲ್ಲ. ಮೇಲಾಗಿ ಹಣದ ವಿಷಯದಲ್ಲಿಯೂ ಮೋಸಮಾಡಿದನು. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನು ಯೆಮನ್ ಪ್ರಾಂತದಲ್ಲಿ ತೀರಿಕೊಂಡನು. ಮಗಳು ಮೂರು ವರ್ಷ ಏಡನ್ನಿನ ವರ್ತಕಮಿತ್ರರ ಮನೆಯಲ್ಲಿ ಇದ್ದಳು. ಆ ಮನೆಯವರು ತಮ್ಮ ಮಗನಿಗೆ ಹೆಣ್ಣು ಕೇಳಿದರು. ಸೋದರನ ಮಗನಿಗೇ ಈಕೆ ಸಲ್ಲತಕ್ಕವಳೆಂದು ಬೆನ್ ಯಿಜು ಒಪ್ಪಲಿಲ್ಲ. ಸೋದರಳಿಯನಿಗೆ ಮಗಳನ್ನು ಕೊಡುವ ರೂಢಿಯುಳ್ಳ ನಮಗೆ ಅಣ್ಣತಮ್ಮಂದಿರ ಮಕ್ಕಳ ವಿವಾಹವು ನಿಷಿದ್ಧವಾಗಿ ತೋರುವುದು. ಆದರೆ ಅವನ ಸಂಪ್ರದಾಯದಲ್ಲಿ ಅದು ಚದರಿಹೋದ ಕುಟುಂಬವನ್ನು ಮತ್ತೆ ಕೂಡಿಸುವ ಗಂಟು. 1156ರಲ್ಲಿ ಯೂಸುಫನ ಮಗ ಪೆರಹ್ಯಾನೊಡನೆ ಆ ವಿವಾಹವು ನಡೆಯಿತು. ಆ ಹುಡುಗಿಯ ಹೆಸರು ಸಿತ್ತ್ ಅಲ್-ದಾರ್, 'ಮನೆಯೊಡತಿ' ಎಂದರ್ಥ.

ಇಲ್ಲಿ ರಚನೆಯನ್ನು ಕುರಿತು ಒಂದು ಮಾತು. ಈ ಓಲೆಗಳ ಮೊದಲಲ್ಲಿ ಆಶೀರ್ವಚನಗಳ ಉದ್ದವಾದ ಸಾಲು ಇರುತ್ತದೆ. 'ಉಭಯಕುಶಲೋಪರಿ'ಯಿಂದ ಮೊದಲಾಗುವ ನಮ್ಮ ಹಿರಿಯರ ಕಾಗದಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಇಂತಹ ಪೀಠಿಕೆಗಳು ಕೃತಕವೆಂದು ತಳ್ಳಿಹಾಕುವುದುಂಟು. ನನ್ನ ಮತದಲ್ಲಿ ಅದು ಯುಕ್ತವಲ್ಲ. ಗಾಳಿಯು ಅನುಕೂಲವಾದಾಗ ಮಾತ್ರ ಹಡಗು ಹೊರಡುವ ಕಾಲದಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ವರ್ಷವೇ ಕಳೆಯುವುದು. ಕುಶಲವೆಂದು ಬರೆದ ಮಾತು ತಲುಪುವ ವೇಳೆಗೆ ಸುಳ್ಳಾಗಿರಬಹುದು. ರೂಢಿಯ ಹರಕೆಯು ಮಾತ್ರ ಎಷ್ಟು ತಡವಾದರೂ ಕೆಡುವುದಿಲ್ಲ. ಆದುದರಿಂದಲೇ ಬರೆಯುವವನು ಮೊದಲು ಅದರಲ್ಲಿ ಕಾಲೂರಿ, ಆಮೇಲೆ ಸುದ್ದಿಗೆ ಇಳಿಯುತ್ತಾನೆ. ಹೇಳಿದುದನ್ನೇ ಮತ್ತೆ ಹೇಳುವುದೂ ಹೀಗೆಯೇ: ಹಿಂದಿನ ಓಲೆ ಸೇರಿತೋ ಇಲ್ಲವೋ ಎಂಬ ಸಂದೇಹವು ಪುನರುಕ್ತಿಯನ್ನು ಗುಣವನ್ನಾಗಿ ಮಾಡಿದೆ.

ಏಡನ್ನಿನ ವ್ಯಾಪಾರಮಿತ್ರರು ಮಂಗಳೂರಿಗೆ ಬರೆದ ಓಲೆಗಳಲ್ಲಿಯೂ ಕಡಲು ವಿಶೇಷಣವಾಗಿ ಉಳಿಯುವುದಿಲ್ಲ. ಬಾಬ್ ಅಲ್-ಮಂದಬ್ ಜಲಸಂಧಿಯ ಬಳಿ ಹಡಗೊಂದು ಒಡೆದಾಗ, ಏಡನ್ನಿನ ಮುಳುಗುಗಾರರು ನೀರಿಗಿಳಿದು ಬೆನ್ ಯಿಜುವಿನ ಕಬ್ಬಿಣದಲ್ಲಿ ಅರ್ಧದಷ್ಟನ್ನು ಮೇಲಕ್ಕೆ ತಂದರೆಂದೂ, ಮೆಣಸು ಪೂರ್ತಿಯಾಗಿ ಹೋಯಿತೆಂದೂ ಒಂದರಲ್ಲಿದೆ. ನಷ್ಟದ ಇಂತಹ ಲೆಕ್ಕವಿರುವ ಓಲೆಗಳಲ್ಲಿಯೇ ಸಕ್ಕರೆ, ಬಾದಾಮಿ, ದ್ರಾಕ್ಷಿ, ಬರೆಯುವ ಕಾಗದ ಮೊದಲಾದ ಮನೆಯ ಉಡುಗೊರೆಗಳ ಪಟ್ಟಿಯೂ ಬರುತ್ತದೆ. ಕಾಗದವು ಆಗ ಈ ಕರಾವಳಿಯಲ್ಲಿ ದುರ್ಲಭ. ಆದುದರಿಂದ ಬೆನ್ ಯಿಜು ಬಂದ ಓಲೆಗಳ ಬೆನ್ನಿನಲ್ಲಿಯೂ ಅಂಚಿನಲ್ಲಿಯೂ ಲೆಕ್ಕಗಳನ್ನೂ ಕರಡುಗಳನ್ನೂ ಬರೆದುಕೊಂಡನು.

ಇನ್ನು ಈ ನೆಲದವರ ಮಾತು. ಬೆನ್ ಯಿಜುವಿನ ಪರವಾಗಿ ಕಡಲನ್ನು ದಾಟಿ ಏಡನ್ನಿಗೆ ಹೋಗಿಬಂದ ದಾಸನೊಬ್ಬನ ಹೆಸರು ಬ-ಮ-ಹ ಎಂಬ ಮೂರು ಅಕ್ಷರಗಳಲ್ಲಿದೆ. ಗೊಯ್ಟೈನರ ಪಾಠ 'ಬಾಮ' ಎಂದು. ಅಮಿತಾವ್ ಘೋಷರು 1992ರ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಗ್ರಂಥದಲ್ಲಿ, ಬಿ. ಎ. ವಿವೇಕ ರೈ ಅವರ ಸೂಚನೆಯಂತೆ, 'ಬೊಮ್ಮ' ಎಂಬ ಪಾಠವನ್ನು ಹಿಡಿದರು. ಬೊಮ್ಮನೆಂಬ ಹೆಸರು ನಮ್ಮ ಶಾಸನಗಳಲ್ಲಿ ಹೇರಳವಾಗಿರುವುದರಿಂದ ಈ ಪಾಠವು ಸಮೀಚೀನವೆಂದು ತೋರುತ್ತದೆ. ಏಡನ್ನಿನ ವರ್ತಕರು ಅವನಿಗೆ ನಮಸ್ಕಾರ ಹೇಳಿಕಳುಹಿಸುತ್ತಾರೆ. 'ಸೋದರ'ನೆಂದು ಕರೆದುದೂ ಉಂಟು. ಅಲ್ಲಿ ಅವನು ಪಡೆದ ಹಣದ ಲೆಕ್ಕವೂ ಇದೆ. ಆದರೆ ಅವನೇ ಆಡಿದ ಮಾತು ಒಂದೂ ಇಲ್ಲ. ಆಶುವಿನ ಮಾತೂ ಇಲ್ಲ. ಮಕ್ಕಳು ಹಡಗೇರಿ ಹೋದರು, ಅವರ ವಿಷಯವಾಗಿ ತುಳುನಾಡಿನ ಬಂಧುಗಳಿಗೆ ಯಾರು ಏನು ತಿಳಿಸಿದರೆಂಬುದಕ್ಕೆ ಓಲೆಗಳಲ್ಲಿ ಎಡೆಯಿಲ್ಲ. ಶಿಲೆಯ ಮೌನವನ್ನು ಓಲೆಗಳು ಬಹುಮಟ್ಟಿಗೆ ತುಂಬಿದರೂ, ಈ ಮೌನವನ್ನು ಅವು ತಾವೇ ಉಂಟುಮಾಡಿವೆ.

ಆದುದರಿಂದ ಈ ಓಲೆಗಳನ್ನು ಓದುವ ಎರಡು ಕ್ರಮಗಳ ವಿಷಯದಲ್ಲಿ ಎಚ್ಚರವು ಅವಶ್ಯಕ. ಮೊದಲನೆಯದು, ಸರಕಿನ ಬೆಲೆಯನ್ನೂ ತೂಕವನ್ನೂ ಆರಿಸಿಕೊಂಡು ಮಿಕ್ಕುದನ್ನು ಉಪಚಾರವೆಂದು ಬಿಡುವುದು. ಹೀಗೆಮಾಡಿದರೆ ಅಣ್ಣನು ತಮ್ಮನಿಗೆ ಬರೆದ ಓಲೆಗೂ ಸುಂಕದ ಪಟ್ಟಿಗೂ ವ್ಯತ್ಯಾಸ ಉಳಿಯುವುದಿಲ್ಲ. ಎರಡನೆಯದು, ಮೌನವಿರುವೆಡೆಯಲ್ಲಿ ಕಲ್ಪನೆಯಿಂದ ಕಥೆಯನ್ನು ತುಂಬುವುದು. ಘೋಷರ ಗ್ರಂಥವು ಬೊಮ್ಮನನ್ನು ನಮಗೆ ಪರಿಚಯಿಸಿದ ಉಪಕಾರವು ದೊಡ್ಡದು. ಊಹೆಯನ್ನು ಊಹೆಯೆಂದೇ ಹೇಳುವ ಪ್ರಾಮಾಣಿಕತೆಯೂ ಅದರಲ್ಲಿದೆ. ಆದರೂ ಬೊಮ್ಮನ ನಂಬಿಕೆಗಳನ್ನೂ ಆಶುವಿನ ಕುಲವನ್ನೂ ಕುರಿತ ಅದರ ಪುಟಗಳನ್ನು ಓಲೆಗಳ ಸಾಕ್ಷ್ಯವೆಂದು ಉದಾಹರಿಸಲಾಗದು. ಓಲೆಯು ಯಾರನ್ನು ಕುರಿತು ಮಾತನಾಡುತ್ತದೆ, ಯಾರೊಡನೆ ಮಾತನಾಡುತ್ತದೆ ಎಂಬೆರಡನ್ನೂ ಬೇರೆಬೇರೆಯಾಗಿ ಕೇಳುವುದೇ ಸಾಹಿತ್ಯವಿಮರ್ಶೆಯ ಕೆಲಸ. ಬೊಮ್ಮನನ್ನು ಕುರಿತು ಹಲವು ಮಾತುಗಳಿವೆ. ಅವನಿಗೆಂದು ಬರೆದುದು ನಮಸ್ಕಾರ ಮಾತ್ರ.

ಕನ್ನಡದವರು ಇಂತಹ ಓಲೆಗಳನ್ನು ಬರೆಯಲಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಚಟ್ಟಿಸೆಟ್ಟಿಯ ವ್ಯಾಪಾರವು ಬರೆಹವಿಲ್ಲದೆ ನಡೆದಿತೆಂಬುದು ನಂಬತಕ್ಕ ಮಾತಲ್ಲ. ಅರಸೀಕೆರೆಯ ಪ್ರಾಂತದಲ್ಲಿಯೇ ಮಲೆಯಾಳದ ಕಡೆಯಿಂದ ಬಂದ ಕುಂಜನಂಬಿಸೆಟ್ಟಿಯಂತಹ ವರ್ತಕರ ಹೆಸರುಗಳು 13ನೆಯ ಶತಮಾನದ ಶಾಸನಗಳಲ್ಲಿ ಕಾಣುವುವು. ಅವರಿಗೂ ಘಟ್ಟದಾಚೆ ಬಂಧುಗಳು ಇದ್ದಿರಲೇಬೇಕು. ಆದರೆ ತಾಳೆಯೋಲೆಯು ನಮ್ಮ ಮಳೆಗೂ ಹುಳುವಿಗೂ ತುತ್ತಾಗತಕ್ಕುದು. ಗ್ರಂಥವನ್ನು ಪ್ರತಿಮಾಡಿ ಉಳಿಸಿದರು. ಕೆಲಸ ತೀರಿದ ಮನೆಯ ಓಲೆಯನ್ನು ಪ್ರತಿಮಾಡಿಸುವವರು ಯಾರು? ಈಜಿಪ್ತಿನ ಒಣಹವೆ ಮತ್ತು ಒಂದು ಸಮಾಜದ ಆಚಾರ, ಇವೆರಡೂ ಕೂಡಿದುದರಿಂದ ಬೆನ್ ಯಿಜುವಿನ ಅಳಲು ಉಳಿಯಿತು.

ಬೇಲೂರು ಹಳೆಯಬೀಡುಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆ ಭಿತ್ತಿಗಳ ಕುದುರೆಸಾಲುಗಳನ್ನು ವಿದ್ಯಾರ್ಥಿಗಳಿಗೆ ತೋರಿಸುವ ಉಪಾಧ್ಯಾಯರು ಚಟ್ಟಿಸೆಟ್ಟಿಯ ಶಾಸನವನ್ನೂ 1149ರ ಓಲೆಯನ್ನೂ ಒಟ್ಟಿಗೆ ಓದಿಸುವುದು ಉಚಿತ. ಅದಕ್ಕಾಗಿ ಬೆನ್ ಯಿಜುವಿನ ಓಲೆಗಳು ಮೂಲದ ಅರಬ್ಬಿಯಿಂದಲೇ, ಟಿಪ್ಪಣಿಸಹಿತವಾಗಿ, ಕನ್ನಡಕ್ಕೆ ಬರಬೇಕು. ಅರಬ್ಬಿ, ತುಳು, ಹಳಗನ್ನಡಗಳನ್ನು ಬಲ್ಲವರು ಒಟ್ಟುಗೂಡಿ ಮಾಡತಕ್ಕ ಕೆಲಸವಿದು. ಹಡಗಿನಿಂದ ಬಂದುದೇನೆಂಬುದನ್ನು ಶಿಲೆಯು ಹೇಳಿದೆ. ಹಡಗಿಗಾಗಿ ಕಾದವರ ಮಾತನ್ನೂ ನಮ್ಮ ಭಾಷೆಯಲ್ಲಿ ಕೇಳುವಂತಾಗಲಿ.