ತೂಗುವ ಚಿತ್ರ: ಕಲಘಟಗಿ ತೊಟ್ಟಿಲಿನ ಕಲೆ

ಕಲಘಟಗಿ ತೊಟ್ಟಿಲನ್ನು ಹೊಗಳದವರಿಲ್ಲ. ಆದರೆ ಆ ಹೊಗಳಿಕೆ ‘ಒಳ್ಳೆಯ ಕುಸುರಿ ಕೆಲಸ’ ಎಂಬಲ್ಲಿಗೇ ನಿಂತುಬಿಡುತ್ತದೆ. ಕಲಾಶಾಲೆಯ ಮೆಟ್ಟಿಲು ಹತ್ತದೆ, ಮನೆಯ ಹಿರಿಯರ ಪಕ್ಕ ಕೂತು ಉಳಿ-ಕುಂಚಗಳನ್ನು ಪಳಗಿಸಿಕೊಂಡ ಚಿತ್ರಗಾರರ ಈ ಕೆಲಸವನ್ನು ಚಿತ್ರಕಲೆಯೆಂದೇ ನೋಡಿ ಬೆಲೆ ಕಟ್ಟಬೇಕು. ಗೋಡೆಯ ಚಿತ್ರ ನಿಂತಲ್ಲೇ ನಿಲ್ಲುತ್ತದೆ; ಇದು ತೂಗುತ್ತದೆ. ಮಗು ಅದನ್ನು ಮುಟ್ಟುತ್ತದೆ, ಮನೆ ಅದನ್ನು ತಲೆಮಾರುಗಟ್ಟಲೆ ಬಳಸುತ್ತದೆ. ಇದರ ಗೆರೆ, ಬಣ್ಣ, ಕಥೆಗಳೆಲ್ಲ ಅರ್ಥವಾಗುವುದು ಈ ಬಳಕೆಯಿಂದಲೇ.

ಕಲಘಟಗಿ ಇರುವುದು ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಸೆರಗಿನಲ್ಲಿ. ಹಳಿಯಾಳ, ದಾಂಡೇಲಿಯ ಸಾಗವಾನಿ ಕಾಡು ಇಲ್ಲಿಗೆ ದೂರವಲ್ಲ. ಆ ಸಾಗವಾನಿ ಹಲಗೆಗೆ ಅರಗಿನ ಬಣ್ಣ ಅಂಟಿಕೊಂಡರೆ ದಶಕಗಳ ಕಾಲ ಮಾಸುವುದಿಲ್ಲ. ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳು ಇಲ್ಲಿ ದಪ್ಪ ಗೆರೆಯೊಳಗೆ, ನೆರಳಿಲ್ಲದ ತುಂಬು ಬಣ್ಣದಲ್ಲಿ ಮೂಡುತ್ತವೆ. ದೂರ-ಹತ್ತಿರದ ಲೆಕ್ಕ, ಅಂಗಾಂಗದ ಅಳತೆ ಇವರಿಗೆ ತಿಳಿಯದು ಎಂಬುದು ಒಂದು ಆಕ್ಷೇಪ. ಆದರೆ ತೂಗುವ ಹಲಗೆಯ ಮೇಲೆ ನವುರಾದ ನೆರಳು-ಬೆಳಕು ಕಲಸಿಹೋಗುತ್ತದೆ. ಗಟ್ಟಿ ಗೆರೆ ಮಾತ್ರ ಕಣ್ಣಿಗೆ ನಿಲ್ಲುತ್ತದೆ. ಕೊರತೆಯೆಂದು ಕಾಣುವುದು ಇಲ್ಲಿ ಚಿತ್ರಕ್ಕೆ ಒದಗಿದ ಶಕ್ತಿ.

ಅದದೇ ಕೃಷ್ಣ, ಅದದೇ ರಾಮ, ಹೊಸತೇನಿದೆ ಎಂಬುದು ಎರಡನೆಯ ಆಕ್ಷೇಪ. ತವರುಮನೆಯಿಂದ ಬಂದ ತೊಟ್ಟಿಲಲ್ಲಿ ಕೂಸನ್ನು ಮಲಗಿಸಿ ಹೆಸರಿಡುವಾಗ ಹೆಂಗಸರು ಹಾಡುವ ಜೋಗುಳದಲ್ಲೂ ಇವರೇ ಬರುತ್ತಾರೆ. ಹಾಡು ಮರುಕಳಿಸಿದರೆ ಹಳತಾಗದು. ಚಿತ್ರಕ್ಕೂ ಅದೇ ನ್ಯಾಯ. ಮುಸ್ಲಿಂ ಮನೆಗೆ ಹೋಗುವ ತೊಟ್ಟಿಲಿಗೆ ಹೂಬಳ್ಳಿ, ಪ್ರಕೃತಿಯ ಚಿತ್ರ ಬರೆಯುವ ಇದೇ ಕೈಗೆ ಆಯ್ಕೆಯ ವಿವೇಕವಿಲ್ಲ ಎನ್ನಲಾಗದು.

ಹಾಗೆಂದು ಬಂದದ್ದೆಲ್ಲವನ್ನೂ ಮೆಚ್ಚಬೇಕಿಲ್ಲ. ಕ್ಯಾಲೆಂಡರ್ ದೇವರ ನಯವಾದ ಮುಖವನ್ನು ನಕಲು ಮಾಡಿದಲ್ಲಿ, ಅರಗಿನ ಜಾಗಕ್ಕೆ ಡಬ್ಬಿಯ ಆಯಿಲ್ ಪೇಂಟ್ ಬಂದಲ್ಲಿ, ಚಿತ್ರ ಮರದಿಂದ ಬೇರೆಯಾಗಿ ಮೇಲಿನ ಲೇಪವಷ್ಟೇ ಆಗುತ್ತದೆ. ಇದಕ್ಕೆ ಚಿತ್ರಗಾರರನ್ನಷ್ಟೇ ದೂರುವುದು ಸಲ್ಲದು. ಅರಗಿನ ಕೆಲಸ ತಿಂಗಳುಗಳನ್ನು ಬೇಡುತ್ತದೆ, ಕೊಳ್ಳುವವರು ಅವಸರಪಡುತ್ತಾರೆ. ಇಂಥ ಕರಕುಶಲಗಳ ಹೆಸರನ್ನು ಕಾಯಲು ಕಾನೂನಿನ ದಾರಿಯೂ ಇದೆ: ನವಲಗುಂದದ ಜಮಖಾನೆಗೆ, ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಆದರೆ ಗುರುತಿನ ಚೀಟಿ ಹೆಸರನ್ನು ಕಾಯಬಹುದು, ಕುಂಚವನ್ನು ಕಾಯುವವರು ಕೊಳ್ಳುವವರೇ. ತೊಟ್ಟಿಲು ಮಾಡಿಸುವವರು ಅರಗಿನ ಬಣ್ಣವನ್ನೇ ಕೇಳಲಿ, ಅದಕ್ಕೆ ಬೇಕಾದ ದಿನಗಳನ್ನೂ ಬೆಲೆಯನ್ನೂ ಕೊಡಲಿ.