ಅರಮನೆ ಬಿಟ್ಟು ಬಂದ ಪ್ರವಾಸ

ನಮ್ಮೂರ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಪಂಚಾಂಗ, ಅಡುಗೆ ಪುಸ್ತಕ, ಭಜನೆ ಪುಸ್ತಕಗಳ ಪಕ್ಕದಲ್ಲಿ ತೆಳ್ಳನೆಯ ಪ್ರವಾಸಿ ಕೈಪಿಡಿಗಳನ್ನು ದಾರಕ್ಕೆ ನೇತುಹಾಕಿರುತ್ತಿದ್ದರು. ಶಾಲೆಯಿಂದ ಮೈಸೂರಿಗೆ ಪ್ರವಾಸವೆಂದು ಗೊತ್ತಾದ ಕೂಡಲೇ ಅದರಲ್ಲೊಂದನ್ನು ಕೊಂಡು ತರುವುದು ಕನ್ನಡದ ಟೀಚರಾದ ನನ್ನ ಕೆಲಸ. ಯಾವುದನ್ನು ಕೊಂಡರೂ ಪಟ್ಟಿ ಒಂದೇ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂತ ಫಿಲೋಮಿನಾ ಚರ್ಚು, ಜಗನ್ಮೋಹನ ಅರಮನೆ, ಸಂಜೆಗೆ ಕನ್ನಂಬಾಡಿಯ ಬೃಂದಾವನ. ಭಾಷೆಯೂ ಒಂದೇ. ಅರಮನೆಯನ್ನು ನೋಡಲು ಎರಡು ಕಣ್ಣು ಸಾಲದು. ಮೃಗಾಲಯ ನೋಡಲೂ ಸಾಲದು. ಬೃಂದಾವನಕ್ಕಂತೂ ಸಾಲುವುದೇ ಇಲ್ಲ. ಇಷ್ಟಕ್ಕೆಲ್ಲ ಎರಡು ಕಣ್ಣು ಸಾಲದೆಂದು ಬರೆದವರು ಒಂದು ಕಣ್ಣಿನಿಂದಲಾದರೂ ಇವುಗಳನ್ನು ನೋಡಿದ್ದಾರೆಯೇ ಎಂಬ ಸಂಶಯ ನನಗೆ ಮೊದಲಿನಿಂದಲೂ ಇತ್ತು.

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಬರಹ ಬಂತು. ಭಾನುವಾರದ ಪುರವಣಿಗಳಲ್ಲಿ ನೀವೂ ಓದಿರುತ್ತೀರಿ. ಇಲ್ಲಿ ಅರಮನೆಯ ಹೆಸರು ಬರುವುದು ಅದನ್ನು ಬದಿಗೆ ಸರಿಸುವುದಕ್ಕೆ ಮಾತ್ರ. 'ಎಲ್ಲರೂ ನೋಡುವುದನ್ನು ನೀವೇಕೆ ನೋಡಬೇಕು?' ಎಂದು ಲೇಖನ ಶುರುವಾಗುತ್ತದೆ. ಆಮೇಲೆ ಕುಕ್ಕರಹಳ್ಳಿ ಕೆರೆಯ ಏರಿ, ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ನಜರ್‌ಬಾದಿನ ಬೆಣ್ಣೆ ದೋಸೆ, ಅಗ್ರಹಾರದ ಹಳೆಯ ಬೀದಿಗಳು. ಊರವರಿಗೆ ಪ್ರಿಯವಾದ ಈ ಜಾಗಗಳಲ್ಲೇ 'ನಿಜವಾದ ಮೈಸೂರು' ಇದೆ ಎಂದು ಲೇಖನ ಮುಗಿಯುತ್ತದೆ. ಗದ್ಯ ಚೆನ್ನಾಗಿರುತ್ತದೆ, ಕಣ್ಣು ತೆರೆದು ನೋಡಿದ ಗುರುತೂ ಇರುತ್ತದೆ. ಹಾಗಾಗಿ ನಾನು ಈ ಎರಡನೆಯ ಪಂಥಕ್ಕೆ ಸೇರಿಬಿಟ್ಟೆ. ಅದರ 'ನಿಜವಾದ' ಎಂಬ ವಿಶೇಷಣದ ಮೇಲೆ ನನಗೆ ಸಂಶಯ ಬರಲು ಒಂದು ಪ್ರವಾಸ ಬೇಕಾಯಿತು.

2009ರ ಡಿಸೆಂಬರ್. ಎಂಟನೆಯ ತರಗತಿಯ ನಲವತ್ತಮೂರು ಮಕ್ಕಳನ್ನು ಕಟ್ಟಿಕೊಂಡು, ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕಳೆದು ಎರಡನೇ ಶನಿವಾರ ಬೆಳಿಗ್ಗೆ ಮೈಸೂರು ಮುಟ್ಟಿದೆವು. ಅಲ್ಲೇ ಕೆಲಸದಲ್ಲಿದ್ದ ನನ್ನ ಅಕ್ಕನ ಮಗ ಮೊದಲೇ ಫೋನಿನಲ್ಲಿ ಉಪದೇಶ ಮಾಡಿದ್ದ: "ಅರಮನೆ ಏನು ನೋಡ್ತೀರಿ ಚಿಕ್ಕಮ್ಮಾ? ಕ್ಯಾಲೆಂಡರಿನಲ್ಲಿ ನೋಡಿದ್ದು ಸಾಲದಾ? ಅಲ್ಲಿ ಕ್ಯೂನಲ್ಲಿ ನಿಂತು ಅರ್ಧ ದಿನ ಹಾಳಾಗ್ತದೆ. ಮಕ್ಕಳಿಗೆ ಬೇರೆ ಏನಾದರೂ ತೋರಿಸಿ." ನನಗೂ ಅದೇ ಬೇಕಿತ್ತು. ಹೊರಗೆ ನಿಂತು ಅರಮನೆಯ ಗೋಪುರಗಳನ್ನು ತೋರಿಸಿ, "ಒಳಗೆ ತುಂಬ ರಶ್ಶು" ಎಂದು ಹೇಳಿ, ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೊರಟೆ.

ನನ್ನ ಪಟ್ಟಿ ಕೆಟ್ಟದಾಗಿತ್ತೆಂದು ಈಗಲೂ ಹೇಳಲಾರೆ. ದೇವರಾಜ ಮಾರುಕಟ್ಟೆ ತೋರಿಸಿದೆ. ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದಂಗಡಿಗಳನ್ನು ತೋರಿಸಿದೆ. ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕರೆದುಕೊಂಡು ಹೋದೆ. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದ್ದು ಆ ಸಂಸ್ಥೆಯಲ್ಲೇ. 1909ರಲ್ಲಿ ಅದನ್ನು ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟರು. ಆದರೆ ಎರಡನೇ ಶನಿವಾರ ರಜೆ ಎಂಬುದು ಮೇಷ್ಟ್ರಗಿತ್ತಿಯಾದ ನನಗೇ ಮರೆತುಹೋಗಿತ್ತು. ಮುಚ್ಚಿದ ಬಾಗಿಲಿನ ಮುಂದೆ ಮೆಟ್ಟಿಲ ಮೇಲೆ ನಿಂತು ಕೌಟಿಲ್ಯನ ಪಾಠ ಮಾಡಿದೆ. ಸಂಜೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಕುವೆಂಪು ಅವರು ತಿರುಗಾಡಿದ ಏರಿ. ನಮ್ಮ ಜಿಲ್ಲೆಯವರೇ ಆದ ಕವಿ ನಡೆದ ದಾರಿಯಲ್ಲಿ ಮಕ್ಕಳು ನಡೆಯುತ್ತಿದ್ದಾರೆಂದು ನನಗೆ ರೋಮಾಂಚನ. ಮಕ್ಕಳು ಕಡಲೆಕಾಯಿ ತಿನ್ನುತ್ತಿದ್ದರು.

ಊರಿಗೆ ಬಂದ ಮೇಲೆ ವಾಡಿಕೆಯಂತೆ 'ನಮ್ಮ ಶೈಕ್ಷಣಿಕ ಪ್ರವಾಸ' ಎಂಬ ಪ್ರಬಂಧ ಬರೆಸಿದೆ. ಪುಸ್ತಕಗಳನ್ನು ತಿದ್ದಲು ಕೂತಾಗ ಕಂಡದ್ದು ಇದು. ಕುಕ್ಕರಹಳ್ಳಿಯ ಬಗ್ಗೆ ಒಬ್ಬ ಹುಡುಗ ಒಂದೇ ಸಾಲು ಬರೆದಿದ್ದ: 'ಅಲ್ಲಿ ಒಂದು ಕೆರೆ ಇತ್ತು. ನಮ್ಮೂರಲ್ಲೂ ಇದೆ.' ಮಾರುಕಟ್ಟೆಯ ಬಗ್ಗೆ ಹಲವರು ಬರೆದದ್ದು, ಸಂತೆ ದೊಡ್ಡದಿತ್ತು ಎಂದು. ಆದರೆ ಏಳು ಮಕ್ಕಳು ಅರಮನೆಯ ಒಳಗನ್ನು ಪುಟಗಟ್ಟಲೆ ವರ್ಣಿಸಿದ್ದರು. ಬೆಳ್ಳಿಯ ಬಾಗಿಲು, ಬಣ್ಣದ ಗಾಜಿನ ಚಾವಣಿ, ಚಿನ್ನದ ಅಂಬಾರಿ. ನಾವು ಕಾಲಿಡದ ಅರಮನೆ! ಗೇಟಿನ ಹೊರಗೆ ಕೊಂಡ ಕೈಪಿಡಿಯಿಂದ ಇಳಿಸಿಕೊಂಡದ್ದೆಂದು ನೋಡಿದರೇ ತಿಳಿಯುತ್ತಿತ್ತು. 'ನೋಡಲು ಎರಡು ಕಣ್ಣು ಸಾಲದು' ಎಂಬುದನ್ನೂ ಬಿಟ್ಟಿರಲಿಲ್ಲ.

ಒಬ್ಬ ಹುಡುಗಿಯನ್ನು ಕರೆದು ಕೇಳಿದೆ. ಅವಳ ತಾಯಿ ತಂದೆ ಇಬ್ಬರೂ ಅಡಿಕೆ ತೋಟದ ಕೂಲಿಗೆ ಹೋಗುವವರು. ಪ್ರವಾಸದ ದುಡ್ಡನ್ನು ಮೂರು ಕಂತಿನಲ್ಲಿ ಕಟ್ಟಿದ್ದಳು. ತಲೆ ತಗ್ಗಿಸಿ ನಿಂತು, ಕೊನೆಗೆ ಹೇಳಿದಳು: "ಮನೇಲಿ ಎಲ್ಲಾರೂ ಅರಮನೆ ಹೆಂಗಿತ್ತು ಅಂತಾನೇ ಕೇಳಿದ್ರು ಮೇಡಂ. ಅಜ್ಜಿ ಎರಡೆರಡು ಸಲ ಕೇಳಿತು. ಒಳಗೆ ಹೋಗಿಲ್ಲ ಅನ್ನೋಕೆ ನಾಚಿಕೆ ಆಯ್ತು." ಮೊದಲು ಮನೆಯಲ್ಲಿ ಹೇಳಿದ ಸುಳ್ಳನ್ನು ಆಮೇಲೆ ಪ್ರಬಂಧದಲ್ಲಿ ಬರೆದಿದ್ದಳು. ಅವಳ ಪುಸ್ತಕದ ಅಂಚಿನಲ್ಲಿ ನಾನು ಆಗಲೇ ಕೆಂಪು ಶಾಯಿಯಲ್ಲಿ 'ನೋಡಿದ್ದನ್ನು ಮಾತ್ರ ಬರೆ' ಎಂದು ಬರೆದಾಗಿತ್ತು. ಆ ಸಾಲನ್ನು ಅಳಿಸುವಂತಿರಲಿಲ್ಲ. ಅದು ಅವಳಿಗಿಂತ ನನಗೆ ಹೆಚ್ಚು ತಾಗಿತು. ನೋಡಬೇಕಾದ್ದನ್ನು ತೋರಿಸದೆ, ನೋಡಿದ್ದನ್ನು ಬರೆ ಎಂದರೆ ಹೇಗೆ?

ಅರಮನೆ ಕ್ಯಾಲೆಂಡರಿನಲ್ಲಿ ಸವೆದುಹೋಗಿದೆ ಎನ್ನುವ ಹಕ್ಕು ಯಾರಿಗಿದೆ? ಅದನ್ನು ನಾಲ್ಕು ಸಲ ಕಂಡವರಿಗೆ, ಬೇಕೆಂದಾಗ ಐದನೆಯ ಸಲ ಹೋಗಬಲ್ಲವರಿಗೆ. ಒಂದೇ ಸಲ ಹೋಗುವವರಿಗೆ ಅದು ಸವೆದಿಲ್ಲ. ಪುರವಣಿಯ ಲೇಖನಗಳ ದೋಷ ಇದೇ. ಬರೆಯುವವರ ಬೇಸರವನ್ನು ಅವು ಓದುವವರ ರುಚಿಯೆಂದು ಮಾರುತ್ತವೆ. ಎಲ್ಲರೂ ನೋಡಿದ್ದನ್ನು ನೋಡುವುದರಲ್ಲೂ ಒಂದು ಸುಖವಿದೆ. ಊರಿಗೆ ಬಂದು ಹೇಳಿದರೆ ಎದುರಿಗಿದ್ದವರಿಗೆ ಅರ್ಥವಾಗುತ್ತದೆ. ಕಂಡವರ ಸಾಲಿಗೆ ನಾನೂ ಸೇರಿದೆ ಎಂಬ ಆ ಭಾವ ಕೂಲಿಯವರ ಮನೆಯ ಹುಡುಗಿಗೆ ಸಣ್ಣದಲ್ಲ.

ಕೆರೆಯ ಏರಿ ಊರವರಿಗೆ ಏಕೆ ಪ್ರಿಯ ಎಂಬುದನ್ನೂ ಯೋಚಿಸಬೇಕು. ಅವರು ಅಲ್ಲಿಗೆ ನೋಡಲು ಹೋಗುವುದಿಲ್ಲ, ದಿನವೂ ನಡೆಯಲು ಹೋಗುತ್ತಾರೆ. ಪರಿಚಿತರು ಸಿಗುತ್ತಾರೆ, ಹಕ್ಕಿ ಬಂದದ್ದು ಹೋದದ್ದು ತಿಳಿಯುತ್ತದೆ. ಅದು ನೋಟವಲ್ಲ, ರೂಢಿ. ಒಂದು ಸಂಜೆಗೆ ಬಂದವರು ಕೆರೆಯನ್ನು ಕಾಣಬಹುದು, ರೂಢಿಯನ್ನು ಕಡ ತರಲಾಗದು. 'ನಮ್ಮೂರಲ್ಲೂ ಇದೆ' ಎಂದ ಹುಡುಗ ಒಳ್ಳೆಯ ವಿಮರ್ಶಕ. ಅವನ ರೂಢಿಯ ಕೆರೆ ಅವನ ಊರಲ್ಲೇ ಇತ್ತು.

ಹಾಗಾದರೆ ಊರವರನ್ನು ಏನೂ ಕೇಳಬಾರದೆ? ಕೇಳಬೇಕು. ಏನು ಕೇಳಬೇಕೆಂಬುದು ನನಗೆ ಹೊಳೆದದ್ದು ಮೈಸೂರಿನಲ್ಲಲ್ಲ, ನನ್ನ ಮನೆಯಲ್ಲೇ. ಸಾಗರದವರಾದ ನಮಗೆ ಜೋಗ ಕೂಗಳತೆಯ ದೂರ. ಬಯಲುಸೀಮೆಯ ನೆಂಟರು ಮಕ್ಕಳ ರಜೆಯೆಂದು ಏಪ್ರಿಲ್‌ನಲ್ಲಿ ಬರುತ್ತಾರೆ, ಜೋಗ ತೋರಿಸಿ ಎನ್ನುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಮೈದುಂಬಿ ಧುಮುಕುವುದು ಒಳ್ಳೆಯ ಮಳೆಗಾಲದಲ್ಲಿ ಮಾತ್ರ. ಏಪ್ರಿಲ್‌ನಲ್ಲಿ ಕಾಣುವುದು 830 ಅಡಿಯ ಕರೀ ಬಂಡೆ, ಅದರ ಮೇಲೆ ನೂಲಿನಂಥ ನೀರು. "ಇಷ್ಟೇನಾ?" ಎಂದು ನೆಂಟರ ಮುಖ ಬಾಡುತ್ತದೆ. ಆಗ ನಾನೇನು ಮಾಡುತ್ತೇನೆ? ಜೋಗ ಬಿಡಿ, ಇಕ್ಕೇರಿಗೆ ಹೋಗೋಣ ಎನ್ನುವುದಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನನಗೆ ಬಹಳ ಇಷ್ಟ, ಆದರೂ ಅನ್ನುವುದಿಲ್ಲ. "ಆಗಸ್ಟ್‌ನಲ್ಲಿ ಬನ್ನಿ, ಕೊಡೆ ತನ್ನಿ, ಮಂಜು ಕವಿದರೆ ಅರ್ಧ ಗಂಟೆ ಕಾಯಿರಿ, ಸರಿಯುತ್ತದೆ" ಎನ್ನುತ್ತೇನೆ. ಸ್ಥಳದವರ ಹತ್ತಿರ ಇರುವ ನಿಜವಾದ ಗುಟ್ಟು ಇದು. 'ಎಲ್ಲಿ' ಎಂಬುದನ್ನು ಯಾವ ಕೈಪಿಡಿಯಾದರೂ ಹೇಳೀತು. 'ಯಾವಾಗ' ಮತ್ತು 'ಹೇಗೆ' ಎಂಬುದನ್ನು ಅಲ್ಲಿ ಬಾಳುವವರೇ ಹೇಳಬೇಕು.

2013ರಲ್ಲಿ ಮತ್ತೆ ಮೈಸೂರಿನ ಪ್ರವಾಸ ಬಂದಾಗ ಅಕ್ಕನ ಮಗನಿಗೆ ಫೋನು ಮಾಡಿ ಏನು ನೋಡಬೇಕೆಂದು ಕೇಳಲಿಲ್ಲ. ಅರಮನೆಗೆ ಯಾವಾಗ ಹೋದರೆ ಒಳ್ಳೆಯದು ಎಂದು ಕೇಳಿದೆ. "ಭಾನುವಾರವೇ ಬನ್ನಿ ಚಿಕ್ಕಮ್ಮಾ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಒಳಗೆ ಹೋಗಿ, ಸಂಜೆ ದೀಪ ಹಾಕೋವಾಗ ಮತ್ತೆ ಬನ್ನಿ. ಮಂಗಳವಾರ ಮಾತ್ರ ಬೇಡ, ಜೂ ಇರೋದಿಲ್ಲ" ಎಂದ. ಈ ನಾಲ್ಕು ಮಾತು ನೂರು ಲೇಖನಗಳಿಗಿಂತ ಉಪಯೋಗಕ್ಕೆ ಬಂತು.

ಆ ಸಲ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಅರಮನೆಯ ಕಲ್ಯಾಣ ಮಂಟಪದಲ್ಲಿ ಬೇಕಾದಷ್ಟು ಹೊತ್ತು ನಿಂತೆವು. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದದ್ದು, ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಈಗಿನದು 1912ರಲ್ಲಿ ಮುಗಿದದ್ದು, ಈ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದದ್ದು, ಇಷ್ಟನ್ನು ಮಾತ್ರ ಹೇಳಿದೆ. ಚಾವಣಿಯ ಗಾಜಿನ ನವಿಲುಗಳನ್ನು ಮಕ್ಕಳು ತಾವೇ ಕಂಡುಕೊಂಡರು. ಸುತ್ತಲಿನ ಗೋಡೆಗಳಲ್ಲಿ ದಸರಾ ಮೆರವಣಿಗೆಯ ದೊಡ್ಡ ವರ್ಣಚಿತ್ರಗಳಿವೆ, ಮೈಸೂರಿನ ಕಲಾವಿದರೇ ಬರೆದವು. ಕೈಪಿಡಿ ಅವುಗಳಲ್ಲಿ ಆನೆ, ಅಂಬಾರಿ, ಮಹಾರಾಜರನ್ನು ಕಾಣುತ್ತದೆ. ನಮ್ಮ ಹುಡುಗನೊಬ್ಬ ಮೆರವಣಿಗೆ ನೋಡುತ್ತಾ ನಿಂತ ಜನರ ಗುಂಪಿನಲ್ಲಿ ಒಬ್ಬ ಪೇಟದ ಮುದುಕನನ್ನು ತೋರಿಸಿ, "ಇವರು ನಮ್ಮಜ್ಜನ ಹಂಗೇ ಇದಾರೆ ಮೇಡಂ" ಎಂದ. ಆಮೇಲೆ ಎಲ್ಲರೂ ತಂತಮ್ಮ ಅಜ್ಜಂದಿರನ್ನು ಹುಡುಕತೊಡಗಿದರು. ಹೆಸರಾದ ಜಾಗದ ಒಳಗೇ ಯಾರೂ ನೋಡದ ಮೂಲೆ ಎಷ್ಟೊಂದಿದೆಯೆಂದು ನನಗೆ ಅಂದು ತಿಳಿಯಿತು.

ಸಂಜೆ ಮತ್ತೆ ಬಂದು ಅಂಗಳದಲ್ಲಿ ಕುಳಿತೆವು. ಸುಮಾರು ಒಂದು ಲಕ್ಷ ಬಲ್ಬುಗಳು ಒಂದೇ ಗಳಿಗೆಗೆ ಹತ್ತಿಕೊಂಡಾಗ ಮಕ್ಕಳು ಕಿರುಚಲಿಲ್ಲ, ಸುಮ್ಮನಾದರು. ನಾನೂ ಸುಮ್ಮನಾದೆ. ಕ್ಯಾಲೆಂಡರಿನ ಅರಮನೆ ಅದಾಗಿರಲಿಲ್ಲ.

ಊರವರ ಮೆಚ್ಚಿನ ಜಾಗಗಳನ್ನು ಬಿಟ್ಟೆನೆಂದಲ್ಲ. ಮಾರುಕಟ್ಟೆಗೂ ಹೋದೆವು, ಈ ಸಲ ಕೆಲಸವಿಟ್ಟುಕೊಂಡು. ಮನೆಗೆ ಒಂದೊಂದು ವಸ್ತು ಕೊಳ್ಳಬೇಕು, ಮಾರುವವರ ಜೊತೆ ಮಾತಾಡಬೇಕು ಎಂದಿದ್ದೆ. ಮಲ್ಲಿಗೆಯನ್ನು ಮೊಳ ಹಾಕುವವರ ಕೈ ಉದ್ದವಿದ್ದಷ್ಟೂ ಲಾಭ ಎಂದು ಹುಡುಗಿಯರು ಕಂಡುಕೊಂಡು, ಉದ್ದ ಕೈಯವರನ್ನೇ ಹುಡುಕಿಕೊಂಡು ಹೋದರು. ಆದರೆ ಲ್ಯಾನ್ಸ್‌ಡೌನ್ ಕಟ್ಟಡವನ್ನು ತೋರಿಸುವಂತಿರಲಿಲ್ಲ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ಜನ ಸತ್ತಿದ್ದರು. ಮುಂದೆ 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಬಾಗಿಲ ಭಾಗವೂ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. 'ನಿಜವಾದ ಮೈಸೂರು' ಎಂದು ನಾವೆಲ್ಲ ಬರೆದು ಹೊಗಳಿದ್ದು ಇವನ್ನೇ. ಹೊಗಳಿಕೆಯಿಂದ ಗಾರೆ ನಿಲ್ಲಲಿಲ್ಲ. ಅರಮನೆಯ ಮುಂದೆ ಸಾಲು ನಿಲ್ಲುವ ಜನರನ್ನು ಹಗುರವಾಗಿ ಕಾಣುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವರ ಟಿಕೆಟ್ಟಿನ ದುಡ್ಡಿಗೆ, ಅವರ ಕಣ್ಣಿಗೆ ಅರಮನೆ ಋಣಿ.

ಈಗ ಯಾರಾದರೂ ಮೈಸೂರಿಗೆ ಹೊರಟು ನನ್ನನ್ನು ಕೇಳಿದರೆ, ಅರಮನೆಗೆ ಹೋಗಿ ಎನ್ನುತ್ತೇನೆ. ಭಾನುವಾರ ಹೋಗಿ, ನಿಧಾನ ನೋಡಿ ಎನ್ನುತ್ತೇನೆ. ಹೊತ್ತು ಉಳಿದರೆ ಕೆರೆಯ ಏರಿಯ ಮೇಲೆ ಸುಮ್ಮನೆ ಕೂರಿ. ಅದನ್ನು 'ನೋಡಿದೆ' ಎಂದು ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಆ 2009ರ ಹುಡುಗಿ ಆಮೇಲೆ ಅರಮನೆ ನೋಡಿದಳೋ ಇಲ್ಲವೋ ತಿಳಿಯದು. ಅವಳ ಅಜ್ಜಿಗೆ ಹೇಳಿದ ವರ್ಣನೆ ಮಾತ್ರ ಚೆನ್ನಾಗಿತ್ತು. ಅದಕ್ಕೆ ನಾನು ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದೆ. ಆ ಪ್ರವಾಸಕ್ಕೆ ನನಗೆ ಅಷ್ಟೂ ಸಲ್ಲದು.